ತಮ್ಮನ ಪಿಕಪ್ಪಿನ ಸೀಟಿ

ಸೂಪರ್‌ಚಾರ್ಜರಿನ ಬೆಲ್ಟ್ ಬಿಚ್ಚಲು ಸ್ಪ್ಯಾನರ್ ಹಾಕಿದ ಮೆಕ್ಯಾನಿಕ್‌ನ ಕೈ ಅಲ್ಲೇ ನಿಂತಿತು. ಪಿಕಪ್ಪಿನ ಎಂಜಿನ್ನಿಗೆ ಹೆಚ್ಚು ಗಾಳಿ ಊದುವ ಈ ಯಂತ್ರವನ್ನು ಅವನ ತಮ್ಮ ತನ್ನ ಕೈಯಾರೆ ಜೋಡಿಸಿದ್ದ. ತಮ್ಮ ತೀರಿಕೊಂಡು ಆರು ತಿಂಗಳೂ ಆಗಿಲ್ಲ, ಅವನ ಹೆಂಡತಿ ಅದನ್ನು ತೆಗೆಸಲು ಬಂದು ನಿಂತಿದ್ದಾಳೆ.

“ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಂತಾನಾ?” ಮೆಕ್ಯಾನಿಕ್‌ನ ದನಿ ಗಡುಸಾಗಿತ್ತು.

“ಅದಕ್ಕಲ್ಲ ಭಾವ. ಗಾಡಿ ತಿರುವಿಗೆ ಬಂದ್ರೆ ಸಾಕು, ಇದರ ಸೀಟಿ ಕೇಳಿ ಮಗಳು ಅಪ್ಪನ ಚಪ್ಪಲಿ ಹಿಡ್ಕೊಂಡು ಗೇಟಿಗೆ ಓಡಿ ಬರ್ತಾಳೆ. ನೋಡಿದ್ರೆ ಇಳಿಯೋಳು ನಾನು. ದಿನಾ ಇದೇ ಕಥೆ.”

“ಚಿಕ್ಕ ಮಗು. ಅದಕ್ಕೇನು ಗೊತ್ತಾಗುತ್ತೆ?” ಎಂದು ಅವನು ಮುಖ ತಿರುಗಿಸಿದ.

ಅವಳು ತನಗೆಂದು ಅವನು ಇಟ್ಟಿದ್ದ ಟೀ ಲೋಟ ಎತ್ತಿ ಒಂದು ಗುಟುಕು ಕುಡಿದಳು.

“ಭಾವ, ಇದಕ್ಕೆ ಸಕ್ಕರೆನೇ ಹಾಕಿಲ್ವಲ್ಲ.”

ಅವಳಿಗೆ ಎರಡು ಚಮಚ ಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು. ಸಕ್ಕರೆ ಬೇಡವೆನ್ನುತ್ತಿದ್ದವನು ತಮ್ಮ. ಇವತ್ತು ತಿರುವಿನಲ್ಲಿ ಸೀಟಿ ಕೇಳಿದ್ದೇ ತಡ, ಮೆಕ್ಯಾನಿಕ್ ಲೋಟ ತೊಳೆದು ಟೀ ಸುರಿದಿಟ್ಟಿದ್ದ.

ಲೋಟವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಮೈಭಾರವನ್ನೆಲ್ಲ ಹಾಕಿ ಸ್ಪ್ಯಾನರ್ ಒತ್ತಿದ. ಬೆಲ್ಟ್ ಸಡಿಲವಾಯಿತು.