ಕಾರ್ಡಿನ ಒಂಬತ್ತು ಲಕ್ಷಣ

"ಕತ್ತರಿ ಎಲ್ಲಿಟ್ಟಿದ್ದೀಯ?"

ವಾರ್ಡನ್ ಮೇಡಂ ಮೂರನೇ ಸಲ ಕೇಳಿದರು. ಕೊಕ್ಕರೆ ಕಿಟಕಿಗೆ ಅಡ್ಡ ಹೋಗಿ ನಿಂತಳು. ಉದ್ದ ಕಾಲು, ಉದ್ದ ಕತ್ತಿನ ಆ ಹುಡುಗಿಗೆ ಹಾಸ್ಟೆಲ್ ಇಟ್ಟ ಹೆಸರದು. ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪು. ಕೊನೆಗೆ ಮಂಚದಡಿಯ ಬೂಟಿನೊಳಗೆ ಕತ್ತರಿಯೂ ಸಿಕ್ಕಿತು, ಎರಡು ಬ್ಲೇಡೂ ಸಿಕ್ಕವು. ಕಿಟಕಿಯ ಚಿಲಕಕ್ಕೆ ಹಳೆಯ ಟವೆಲ್ ಸುತ್ತಿ ಏಳೆಂಟು ಗಂಟು ಬಿಗಿದಿತ್ತು.

ಮೇಡಂ ಜೇಬಿನ ಕಾರ್ಡು ತೆಗೆದರು. ಮನಸ್ಸು ಹಳಿ ತಪ್ಪಿದವರನ್ನು ಗುರುತಿಸಲು ಒಂಬತ್ತು ಲಕ್ಷಣ. ಎರಡು ದಿನದ ತರಬೇತಿಯ ಫಲ. ನಿದ್ದೆಯಿಲ್ಲ, ಸರಿ. ತರಗತಿಗೆ ಚಕ್ಕರ್, ಸರಿ. ವಸ್ತು ಬಚ್ಚಿಡುವುದು, ಸರಿ.

ಹೋದ ವರ್ಷ ಇದೇ ಹಾಸ್ಟೆಲ್‌ನಲ್ಲಿ ಒಬ್ಬಳು ಹೀಗೇ ಮಂಕಾಗಿದ್ದಳು. ಪರೀಕ್ಷೆಯ ಭಯವಿರಬೇಕೆಂದು ಮೇಡಂ ಸುಮ್ಮನಿದ್ದುಬಿಟ್ಟರು. ಅವಳ ತಾಯಿ ಮಗಳ ಪೆಟ್ಟಿಗೆ ಒಯ್ಯಲು ಬಂದ ದಿನ ಆಕೆಗೆ ಮುಖ ತೋರಿಸಲಾಗಲಿಲ್ಲ. ಇನ್ನೊಬ್ಬಳನ್ನು ಕಳೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಪುಣ್ಯಕ್ಕೆ ಈ ಸಲ ದೂರು ತಾನಾಗಿ ಬಂದಿತ್ತು. ಬೆಳಿಗ್ಗೆ ಅದೇ ಕೋಣೆಯ ಇನ್ನೊಬ್ಬ ಹುಡುಗಿ ಗುಬ್ಬಿ, ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಆಫೀಸಿಗೆ ಬಂದು ಬಾಗಿಲು ಹಾಕಿದಳು.

"ಅವಳಿಗೆ ದನಿ ಕೇಳ್ಸತ್ತೆ ಮೇಡಂ. ಗೋಡೆ ಆಚೆಯಿಂದ. ಗಂಡಸಿನ ದನಿ, ನೆಗಡಿ ಆದೋರ ಥರ. 'ಎಲ್ಲರೂ ನಿನ್ನ ಮಾತೇ ಆಡ್ತಿದಾರೆ' ಅನ್ನತ್ತೆ. ಊಟಕ್ಕೆ ಕೂತಾಗ ಇನ್ನೂ ಜಾಸ್ತಿ."

ಮೇಡಂ ಒಂದಕ್ಷರ ಬಿಡದೆ ಬರೆದುಕೊಂಡರು. ಇಷ್ಟು ಚೊಕ್ಕ ವರದಿ ತರಬೇತಿ ಕೊಟ್ಟವರಿಗೂ ಸಿಕ್ಕಿರಲಾರದು.

"ನಂಗೆ ಭಯ. ಬಾಗಿಲಿಗೆ ಅಡ್ಡ ಕೂತಿರ್ತಾಳೆ. ರಾತ್ರಿಯೆಲ್ಲ ನನ್ನನ್ನೇ ನೋಡ್ತಿರ್ತಾಳೆ."

ಈಗ ಆಸ್ಪತ್ರೆಗೆ ಹೋಗಲು ಕೆಳಗೆ ಕಾರು ಬಂದು ನಿಂತಿತ್ತು. ಗುಬ್ಬಿ ತನ್ನ ಮಂಚದ ಮೇಲೆ ಕೂತಿದ್ದಳು.

"ಬರ್ತೀನಿ ಮೇಡಂ," ಎಂದಳು ಕೊಕ್ಕರೆ. "ಆದ್ರೆ ಗುಬ್ಬೀನೂ ಬರಲಿ. ಒಬ್ಬಳೇ ಇರೋದು ಬೇಡ."

"ಯಾಕೆ?"

ಅವಳು ಗುಬ್ಬಿಯ ಮುಖ ನೋಡಿದಳು. "ಹೇಳಲ್ಲ ಅಂತ ಆಣೆ ಮಾಡಿದೀನಿ."

ಗುಟ್ಟು ಮಾಡುವುದು, ಸರಿ. ವಾದಕ್ಕಿಳಿಯಬೇಡಿ ಎಂದು ಕಾರ್ಡಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿತ್ತು. ಮೇಡಂ ವಾದಕ್ಕಿಳಿಯಲಿಲ್ಲ. ಟವೆಲ್ಲಿನ ಗಂಟುಗಳನ್ನು ತಾವೇ ಬಿಚ್ಚಿ ಕಿಟಕಿ ತೆರೆದರು. ಮೂರನೇ ಮಹಡಿ, ಗಾಳಿ ಧಾರಾಳ. ಕತ್ತರಿಯನ್ನು ಮೇಜಿನ ಮೇಲಿಟ್ಟು ಗುಬ್ಬಿಯ ತಲೆ ಸವರಿದರು.

"ಇನ್ನು ನೆಮ್ಮದಿಯಾಗಿರು, ಮಗಳೇ."

ಗುಬ್ಬಿ ಗೋಡೆಯತ್ತ ತಿರುಗಿ ತಲೆಯಾಡಿಸಿದಳು.

ದಾರಿಯುದ್ದಕ್ಕೂ ಕೊಕ್ಕರೆ ಅಳುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ವರದಿಯನ್ನು ಎರಡು ಸಲ ಓದಿ ಅವಳನ್ನು ಒಳಗೆ ಕರೆದರು. ಮೇಡಂ ಹೊರಗಿನ ಬೆಂಚಿಗೆ ಒರಗಿದರು. ಈ ಸಲ ತಡವಾಗಲಿಲ್ಲ ಎನ್ನಿಸಿ, ವರ್ಷದಿಂದ ಎದೆಯಲ್ಲಿದ್ದ ಭಾರ ಇಳಿದಂತಾಯಿತು. ಅರ್ಧ ಗಂಟೆಯ ನಂತರ ಡಾಕ್ಟರು ಒಂದೇ ಉಸಿರಿಗೆ ಓಡಿ ಬಂದರು.

"ಇವಳು ಮೂರು ವಾರದಿಂದ ನಿದ್ದೆಗೆಟ್ಟು ಕಾವಲು ಕೂತೋಳು ಮೇಡಂ, ದನಿ ಕೇಳ್ತಿರೋದು ನಿಮ್ಮ ಹತ್ರ ದೂರು ತಂದೋಳಿಗೆ, ಅವಳ ಹತ್ರ ಈಗ ಯಾರಿದಾರೆ?"