ತುಳುಕದ ಚಹಾ

ಮೀನಿನ ಮೇಲ್ಭಾಗವೆಲ್ಲ ತೀರಿ ನಡುಮುಳ್ಳು ಕಾಣಿಸಿಕೊಂಡಾಗ, ಕಾರ್ಯದರ್ಶಿ ಗೆಂಗ್ ತನ್ನ ಊಟದ ಕಡ್ಡಿಗಳನ್ನು ಅದರ ಅಡಿಗೆ ತೂರಿಸಿ ಮಗುಚಲು ಹೋದನು. ಆತಿಥೇಯನಾದ ನಾವಿಕ ಫು ಕೈರಾನ್ ಥಟ್ಟನೆ ಅವನ ಮಣಿಕಟ್ಟನ್ನು ಹಿಡಿದನು.

“ಬೇಡಿ ಸಾಹೇಬ್ರೇ! ಮೀನು ಮಗುಚಿದ್ರೆ ದೋಣಿ ಮಗುಚುತ್ತೆ. ನಮ್ಮೂರಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು ಇದು. ಮುಳ್ಳು ಮೇಲೆತ್ತಿ ಪಕ್ಕಕ್ಕಿಟ್ಟು, ಕೆಳಗಿಂದು ಅಲ್ಲೇ ತಿನ್ನೋದು.”

ಗೆಂಗ್ ಉತ್ತರದ ಗೋಧಿಸೀಮೆಯವನು. ಹೈನಾನ್ ದ್ವೀಪದ ಈ ಬಂದರಿಗೆ, ಇಲ್ಲಿನ ಮೀನುದೋಣಿಗಳ ದಳದ ಕಾರ್ಯದರ್ಶಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವನು ಗಹಗಹಿಸಿ ನಕ್ಕನು.

“ಅಲ್ಲಾ ಫು ಅಣ್ಣ, ತಟ್ಟೇಲಿರೋ ಸತ್ತ ಮೀನು ಮಗುಚೋಕೆ ಇಷ್ಟು ಹೆದರ್ತೀಯಾ! ಮೊನ್ನೆ ಆ ಫಿಲಿಪೀನ್ಸ್‌ನವರ ದೋಣೀನ ಒಂದೇ ಏಟಿಗೆ ಮಗುಚಿ ಹಾಕಿದೋನು ನೀನೇ ತಾನೆ?”

ಸಾರಿನ ಬಟ್ಟಲು ಹಿಡಿದು ಬರುತ್ತಿದ್ದ ಫುವಿನ ಹೆಂಡತಿ ಸಾಯ್‌ಫೆಂಗ್ ಬಾಗಿಲಲ್ಲೇ ನಿಂತಳು. “ಮಗುಚ್ತಾ? ಕೊಳವೇಲಿ ನೀರು ಹಾರಿಸಿ ಓಡಿಸಿದ್ವಿ ಅಂದ್ರಲ್ಲ ನೀವು?”

ಫು ತಲೆ ತಗ್ಗಿಸಿದನು. ತಗ್ಗಿಸಿದ ಕಣ್ಣಿಗೆ ಎದುರಾದದ್ದು, ಅಂದು ಬೆಳಿಗ್ಗೆ ಬಂದರಿನಲ್ಲಿ ಡೋಲು ಬಡಿದು ಸನ್ಮಾನಿಸಿ ಅವನ ಎದೆಗೆ ಸಿಕ್ಕಿಸಿದ್ದ ಕೆಂಪು ಕಾಗದದ ಹೂವು.

“ಅಣ್ಣಂಗೆ ಸಂಕೋಚ ಅತ್ತಿಗೆ, ನಾನು ಹೇಳ್ತೀನಿ ಕೇಳಿ,” ಎಂದು ಗೆಂಗ್ ಕುರ್ಚಿಗೆ ಒರಗಿದನು. “ಮೂವತ್ತು ವರ್ಷದ ಹಿಂದೆ ಕಡಲಲ್ಲಿ ನಮ್ಮನ್ನ ಯಾರು ಕೇಳ್ತಿದ್ರು? ಈಗ ಹಡಗಿನ ಸಂಖ್ಯೇಲಿ ನಮ್ಮನ್ನ ಮೀರಿಸೋರು ಇಲ್ಲ. ಅವರ ಬೆನ್ನಿಗೆ ಅಮೆರಿಕ ಇದೆಯಂತೆ! ಏನ್ ಮಾಡ್ತು? ಒಂದು ವಿಮಾನ ಬಂತು, ಎರಡು ಸುತ್ತು ಹಾಕ್ತು, ಫೋಟೋ ತಗೊಂಡು ಹೋಯ್ತು. ನಮ್ಮ ಯುದ್ಧನೌಕೆ ದೂರದಲ್ಲಿ ಸುಮ್ನೆ ನಿಂತಿತ್ತು, ಅಷ್ಟೆ. ಗುಂಡೂ ಇಲ್ಲ, ಮದ್ದೂ ಇಲ್ಲ. ಅಣ್ಣನ ದೋಣಿ ಒಂದೇ ಸಾಕಾಯ್ತು!”

ಆ ದೋಣಿ ಉಕ್ಕಿನದು. ಎರಡು ವರ್ಷದ ಹಿಂದೆ ದಳವು ಕೊಟ್ಟದ್ದು. ಅದಕ್ಕೆ ಮೊದಲು ಫು ನಡೆಸುತ್ತಿದ್ದುದು ತಂದೆಯ ಕಾಲದ ಮರದ ದೋಣಿ. ಎರಡೂ ದೇಶಗಳು ತಮ್ಮದೆನ್ನುವ ಹವಳದ ದಿಬ್ಬದ ಬಳಿ ಇನ್ನೊಂದು ದೋಣಿ ಕೊಂಚ ಸೋಕಿದರೂ ಹಲಗೆ ಹಲಗೆಯೂ ನಡುಗಿ, ಇಬ್ಬರು ನಾವಿಕರೂ ಒಟ್ಟಿಗೆ ಕೂಗಿ, ಒಟ್ಟಿಗೆ ಹಿಂದೆ ಸರಿಯುತ್ತಿದ್ದರು. ಮೊನ್ನೆ ಅದೇ ದಿಬ್ಬದ ಬಳಿ ಉಕ್ಕಿನ ಮೂತಿಯು ಪರದೇಶದವರ ಆ ಬಡ ಮರದ ದೋಣಿಯನ್ನು ಸೀಳಿಕೊಂಡು ಹೋದಾಗ, ಚುಕ್ಕಾಣಿಯ ಪಕ್ಕದಲ್ಲಿದ್ದ ಲೋಟದ ಚಹಾ ಕೂಡ ತುಳುಕಿರಲಿಲ್ಲ. ಮೂರು ದಿನಗಳಿಂದ ಫು ಚಹಾ ಮುಟ್ಟಿರಲಿಲ್ಲ.

“ನೋಡಿ, ಇಲ್ಲಿದೆ,” ಎಂದು ಗೆಂಗ್ ಮೊಬೈಲನ್ನು ಸಾಯ್‌ಫೆಂಗ್‌ಳ ಮುಂದೆ ಹಿಡಿದನು. “ನಾಡಿದ್ದು ಶಾಲೆ ಮಕ್ಕಳಿಗೆ ತೋರಿಸ್ತೀವಿ. ಅಣ್ಣ ಮಾತಾಡ್ತಾನೆ.”

ಪರದೆಯ ಮೇಲೆ, ಎರಡು ಬದಿಗೂ ಬಿದಿರಿನ ತೋಳು ಚಾಚಿದ ಸಣ್ಣ ದೋಣಿಯೊಂದು ಬದಿಗೆ ವಾಲಿತು. ಅದರ ಮೂತಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಹುಂಜವೊಂದು ಒಂದು ಕ್ಷಣ ಆಕಾಶ ನೋಡಿ, ನೀರಿನೊಳಗೆ ಇಳಿಯಿತು.

ಸಾಯ್‌ಫೆಂಗ್‌ಳ ಕಣ್ಣುಗಳು ಪರದೆಯಿಂದ ಗೋಡೆಯ ಕಡೆಗೆ ಹೊರಳಿದವು. ಅಲ್ಲಿ, ಕಡಲಲ್ಲಿ ಮಡಿದು ಕಡಲ ಕಾವಲಾದ ನೂರೆಂಟು ಸೋದರರ ಪೀಠದ ಕೆಳಗೆ, ಹಳೆಯ ನೀಲಿ ನೀರಿನ ಕ್ಯಾನೊಂದಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಚಂಡಮಾರುತಕ್ಕೆ ಸಿಕ್ಕಿ ಫುವಿನ ನೀರಿನ ಪೀಪಾಯಿ ಒಡೆದಾಗ, ಅದೇ ದಿಬ್ಬದ ಮರೆಯಲ್ಲಿ, ಭಾಷೆಯೇ ತಿಳಿಯದ ಒಬ್ಬನು ತನ್ನ ಪಾಲಿನ ಅರ್ಧ ನೀರನ್ನು ಆ ಕ್ಯಾನಿನಲ್ಲಿ ತುಂಬಿ ಕೊಟ್ಟಿದ್ದನು. ಅವನ ದೋಣಿಯ ಮೂತಿಯಲ್ಲಿ ಕೆಂಪು ಹುಂಜವಿತ್ತೆಂದು ಫು ನೂರು ಸಲ ಹೇಳಿದ್ದನು. ಅಂದಿನಿಂದ ಒಂದು ದಿನವೂ ತಪ್ಪದೆ ಅವಳು ಸೋದರರಿಗೆ ನೀರೆರೆಯುತ್ತಿದ್ದುದು ಆ ಕ್ಯಾನಿನಿಂದಲೇ.

“ಅವನೇ ಅಲ್ವಾ?” ಎಂದಳು.

ಫು ಕ್ಯಾನಿನತ್ತ ನೋಡಿ ಹೌದೆಂದು ತಲೆಯಾಡಿಸಿದನು.

“ಗುರುತು ಸಿಕ್ತಾ ನಿಮಗೆ?”

“ಹತ್ತಿರ ಹೋದ್ಮೇಲೆ ಸಿಕ್ತು. ಮುದುಕ ಆಗಿದ್ದಾನೆ... ನೀರಿಂದ ನನ್ನನ್ನೇ ನೋಡ್ತಿದ್ದ.”

“ಎತ್ಕೊಳ್ಳಲಿಲ್ವಾ?”

“ಹಿಂದೆ ತಿರುಗಬೇಡ ಅಂತ ವಯರ್‌ಲೆಸ್‌ನಲ್ಲಿ ಹೇಳಿದ್ರು.”

“ಚುಕ್ಕಾಣಿ ಯಾರ ಕೈಲಿತ್ತು?”

ಗೆಂಗ್ ಮೊಬೈಲನ್ನು ಜೇಬಿಗಿಳಿಸಿದನು. “ಅವರದೇ ಇನ್ನೊಂದು ದೋಣಿ ಬಂದು ಎತ್ಕೊಂಡಿರುತ್ತೆ ಬಿಡಿ ಅತ್ತಿಗೆ. ಊಟದ ಹೊತ್ತಲ್ಲಿ ಯಾಕೆ ಇದೆಲ್ಲ? ಮೀನು ಆರೋಗ್ತಿದೆ.”

“ಹೌದು, ಆರೋಗ್ತಿದೆ,” ಎಂದಳು ಸಾಯ್‌ಫೆಂಗ್. ಸಾರಿನ ಬಟ್ಟಲನ್ನು ಮೇಜಿನ ಮೇಲಿಟ್ಟು, ಗಂಡನ ಮುಂದಿದ್ದ ಕಡ್ಡಿಗಳನ್ನು ಕೈಗೆತ್ತಿಕೊಂಡಳು. ಅವುಗಳನ್ನು ಮೀನಿನ ಅಡಿಗೆ ತೂರಿಸಿ, ಮೀನುಗಾರನ ಮಗಳಾಗಿ ಹುಟ್ಟಿ ಮೀನುಗಾರನ ಹೆಂಡತಿಯಾಗಿ ಬಾಳಿದ ಐವತ್ತೆಂಟು ವರ್ಷಗಳಲ್ಲಿ ಎಂದೂ ಮಾಡದಿದ್ದುದನ್ನು ಮಾಡಿದಳು. ಮೀನು ದೊಪ್ಪನೆ ಮಗುಚಿ ಬಿದ್ದಿತು. ತಟ್ಟೆಯ ರಸ ಅಂಚು ಮೀರಿ ತುಳುಕಿತು.

ಗೆಂಗ್ ಬೆಚ್ಚಿ ಫುವಿನ ಕೈಯತ್ತ ನೋಡಿದನು. ತನ್ನ ಮಣಿಕಟ್ಟನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದ ಆ ಕೈ ಈಗ ಮೇಜಿನ ಮೇಲೆ ಬಿದ್ದಿತ್ತು. ರಸ ಹರಿದು ಬಂದು ಬೆರಳುಗಳನ್ನು ತೋಯಿಸಿದರೂ ಅದು ಅಲುಗಲಿಲ್ಲ.