ಒಂದು ಹೂಂ

ನಮ್ಮ ಊರಲ್ಲಿ ಈಗ ಯಾರೂ ‘ಹೂಂ’ ಅನ್ನುವುದಿಲ್ಲ. ಬ್ಯಾಂಕ್ ಖಾತೆಗಳಿಗೆಲ್ಲ ಧ್ವನಿಯೇ ಬೀಗ. ಖಾತೆದಾರ ಫೋನಿಗೆ ಒಂದು ಹೂಂ ಅಂದರೆ ಹಣವೆಲ್ಲ ಹೋಗುತ್ತದೆ. ಕಥೆ ಕೇಳುವ ಮಕ್ಕಳಿಗೂ ‘ಆಮೇಲೆ?’ ಅನ್ನುವುದನ್ನು ಕಲಿಸಿದ್ದೇವೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಇಬ್ಬರು ಕಳ್ಳರು ಮನೆಗೆ ನುಗ್ಗಿದರು. ನನ್ನ ಗಂಡ ಲೋಹಿತ್‌ನನ್ನು ಕುರ್ಚಿಗೆ ಕಟ್ಟಿ, ಅವನದೇ ಫೋನನ್ನು ಬಾಯಿಯ ಹತ್ತಿರ ಹಿಡಿದರು.

“ಒಂದು ಹೂಂ ಅನ್ರಿ ಸಾರ್. ಸಾರು ಆರಿಹೋಗ್ತಿದೆ.”

ಸೋಮವಾರ ಮಗಳ ಹೃದಯದ ಆಪರೇಷನ್ ಇತ್ತು. ಅದರ ಹಣ ಆ ಖಾತೆಯಲ್ಲಿತ್ತು. ಲೋಹಿತ್ ಆಗಲ್ಲ ಎಂದು ತಲೆಯಾಡಿಸಿದ.

ಸುತ್ತಿಗೆಯಿಂದ ಅವನ ಒಂದು ಬೆರಳು ಜಜ್ಜಿದರು. ತುಟಿ ಕಚ್ಚಿ ತಡೆದ. ಎರಡನೆಯ ಬೆರಳಿಗೆ ಅವನ ಗಂಟಲಲ್ಲಿ ನರಳಾಟ ಎದ್ದಿತು. ಫೋನಿಗೆ ನರಳಾಟವೂ ಹೂಂ ಎಂದೇ ಕೇಳಿಸುತ್ತದೆ. ನಾನು ಹಾರಿ ಅವನ ಬಾಯಿಯನ್ನು ಒತ್ತಿ ಹಿಡಿದೆ. ಹೂಂ ಮೂಗಿನಿಂದಲೂ ಬರುತ್ತದೆ, ಮೂಗನ್ನೂ ಮುಚ್ಚಿದೆ.

“ಉಸಿರು ಕಟ್ಟಿ ಸಾಯ್ತಾರಲ್ಲಮ್ಮ, ಬಿಡು,” ಅಂದ ಒಬ್ಬ. ಇನ್ನೊಬ್ಬ ನನ್ನ ಬೆನ್ನಿಗೆ ಸುತ್ತಿಗೆಯಿಂದ ಹೊಡೆದ. ನಾನು ಬಿಡಲಿಲ್ಲ. ಲೋಹಿತ್ ನನ್ನನ್ನೇ ನೋಡುತ್ತಿದ್ದ. ಮುಖ ತಿರುಗಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನ್, “ಧ್ವನಿ ಸಿಗಲಿಲ್ಲ, ಇವತ್ತಿಗೆ ಖಾತೆ ಬಂದ್” ಎಂದಿತು. ಅವರು ಅದನ್ನು ಎಸೆದು ಹೊರಟುಹೋದರು. ನಾನು ಇನ್ನೂ ಕೈ ತೆಗೆದಿರಲಿಲ್ಲ.